ಒಂಟಿ ಸಿಂಹದ ಮೇಲೆ ಮೂರು ಬಿದ್ದಾಗ ಜೊತೆಗಾರ ಯಾಕೆ ಬರಲಿಲ್ಲ?

ಜೀಪಿನ_ಹಿಂದಿನ_ಸೀಟು

ಕೀನ್ಯಾದ ಮಸಾಯಿ ಮಾರಾದಿಂದ ವಾಪಸ್ ಬಂದು ಮೂರು ವಾರ ಆಯ್ತು. ನೆಂಟರಿಗೆಲ್ಲ ಚಿರತೆ, ಆನೆಮರಿ, ಸೂರ್ಯಾಸ್ತದ ಫೋಟೋ ತೋರಿಸಿ ಮುಗಿಸಿದ್ದೀನಿ. ಈ ಒಂದು ಸರಣಿ ಮಾತ್ರ ಯಾರಿಗೂ ತೋರಿಸಿಲ್ಲ. 212 ಫೋಟೋ ಇವೆ. ತೆಗೆದು ನೋಡ್ತೀನಿ, ಮುಚ್ಚಿಡ್ತೀನಿ.

ಎರಡನೇ ದಿನದ ಸಂಜೆ ಎರಡು ದೊಡ್ಡ ಗಂಡು ಸಿಂಹ ಸಿಕ್ಕವು. ಒಂದರ ಕೇಸರ ಎದೆವರೆಗೂ ಕಪ್ಪು, ಬಲಗಿವಿ ಹರಿದಿತ್ತು. ನಾವು ‘ಹರಕುಕಿವಿ’ ಅಂತ ಕರೆದ್ವಿ. ಇನ್ನೊಂದರದ್ದು ತಿಳಿ ಕಂದು ಕೇಸರ, ಅದು ‘ಕೆಂಚ’. ಎರಡೂ ಒಂದರ ಬೆನ್ನಿಗೆ ಒಂದು ತಲೆ ಇಟ್ಟು ಮಲಗಿದ್ದವು. ಸ್ವಲ್ಪ ದೂರದಲ್ಲಿ ಎರಡು ಹೆಣ್ಣು, ಬೆಕ್ಕಿಗಿಂತ ತುಸು ದೊಡ್ಡವಾದ ಮೂರು ಮರಿ. ಈ ಇಬ್ಬರೂ ಇಲ್ಲಿಗೆ ಬಂದು ಸುಮಾರು ಎರಡು ವರ್ಷ ಆಯ್ತು ಅಂದ್ರು ಗೈಡ್.

ಮಾರನೇ ಬೆಳಿಗ್ಗೆ ಅದೇ ಜಾಗಕ್ಕೆ ಹೋದ್ವಿ. ಹರಕುಕಿವಿ ಒಂಟಿಯಾಗಿ ನಿಂತಿತ್ತು. ಎದುರಿಗೆ ಮೂರು ಗಂಡು. ವಯಸ್ಸಿನಲ್ಲಿ ಚಿಕ್ಕವು, ಕೇಸರ ಇನ್ನೂ ಪೂರ್ತಿ ಬಂದಿರಲಿಲ್ಲ, ಹೊಸದಾಗಿ ಗಡ್ಡ ಬಿಟ್ಟ ಹುಡುಗರ ಹಾಗೆ ಅಲ್ಲಲ್ಲಿ ತೇಪೆ. ಆಮೇಲೆ ನಡೆದದ್ದು ಕ್ಯಾಮೆರಾದ ಗಡಿಯಾರದ ಪ್ರಕಾರ 6:52ರಿಂದ 6:58. ಆರೇ ನಿಮಿಷ. ನನಗೆ ಒಂದು ಗಂಟೆ ಅನ್ನಿಸಿತ್ತು.

ಒಂದು ಎದುರಿಗೆ ನಿಂತು ಮುಖಕ್ಕೆ ಪಂಜ ಬೀಸ್ತಾ ಇತ್ತು. ಅದರ ಕೆಲಸ ಅಷ್ಟೇ. ಇನ್ನೆರಡು ಸುತ್ತಿ ಹಿಂದಕ್ಕೆ ಬಂದು ತೊಡೆಗೆ, ಸೊಂಟಕ್ಕೆ ಬಾಯಿ ಹಾಕ್ತಿದ್ದವು. ಹರಕುಕಿವಿ ಒಂದು ಹಂತದಲ್ಲಿ ಹಿಂಭಾಗವನ್ನು ನೆಲಕ್ಕೆ ಒತ್ತಿ ಕೂತುಬಿಟ್ಟಿತು. ಕೂತಲ್ಲೇ ತಿರುಗಿ ತಿರುಗಿ ಕಚ್ಚೋಕೆ ನೋಡ್ತಿತ್ತು. ಸದ್ದು ಟೀವಿಯಲ್ಲಿ ಕೇಳೋ ಗರ್ಜನೆ ಥರ ಇರಲಿಲ್ಲ, ಸೈಲೆನ್ಸರ್ ಕಿತ್ತ ಬೈಕು ಎರಡು ಮೂರು ಒಟ್ಟಿಗೆ ಕೆಮ್ಮಿದ ಹಾಗಿತ್ತು. ಆಮೇಲೆ ಮೂರೂ ತಾವಾಗೇ ನಿಲ್ಲಿಸಿದವು. ಒಂದು ಹಿಂಗಾಲಲ್ಲಿ ನೆಲ ಕೆರೆದು ಉಚ್ಚೆ ಹೊಯ್ದಿತು. ಹರಕುಕಿವಿ ಹಿಂಗಾಲು ಎಳೀತಾ ಪೊದೆ ಕಡೆ ಹೋಯ್ತು.

ಈಗ ನನ್ನ ಪ್ರಶ್ನೆ. ಕೆಂಚ ಅಲ್ಲೇ ಇತ್ತು! ಮುನ್ನೂರು, ನಾನೂರು ಮೀಟರ್ ದೂರದ ಗೆದ್ದಲು ಹುತ್ತದ ಮೇಲೆ, ತಲೆ ಎತ್ತಿಕೊಂಡು. ಆರು ನಿಮಿಷವೂ ಕದಲಲಿಲ್ಲ. ಹಿಂದಿನ ಸಂಜೆ ಅಣ್ಣನ ಬೆನ್ನೇ ದಿಂಬಾಗಿತ್ತಲ್ಲ, ಬೆಳಿಗ್ಗೆ ಅದೇ ಬೆನ್ನು ಹರೀತಿದ್ದಾಗ ಯಾಕೆ ಬರಲಿಲ್ಲ? ಇನ್ನೊಂದು, ಅಷ್ಟು ದೊಡ್ಡ ಹುಲ್ಲುಗಾವಲು, ಆ ಮೂರಕ್ಕೆ ಬೇರೆ ಜಾಗ ಇರಲಿಲ್ವಾ? ಮರಿಗಳ ವಿಷಯ ಕೇಳೋಕೆ ಧೈರ್ಯ ಇಲ್ಲ, ಆದರೂ ಗೊತ್ತಿದ್ದವರು ಹೇಳಿ. ಗೈಡ್‌ನ ಕೇಳಿದ್ರೆ “ಹೊಸ ಹುಡುಗರು” ಅಂತ ಒಂದೇ ಮಾತು ಹೇಳಿ ಗಾಡಿ ತಿರುಗಿಸಿದ್ರು.

---

ಹಳೇ_ನೋಟ್‌ಪುಸ್ತಕ

ಮೊದಲು ಒಂದು ತಕರಾರು: ಅಣ್ಣ ಅಂತ ನಿಮಗೆ ಹೇಳಿದ್ಯಾರು?

ನಾನು ಸಂಶೋಧಕ ಅಲ್ಲ, ಸಿಂಹದ ಮೇಲೆ ಬಂದ ಪ್ರಬಂಧಗಳನ್ನು ಇಪ್ಪತ್ತು ವರ್ಷದಿಂದ ಓದಿ ನೋಟ್ ಬರೆಯೋ ಚಟ. ಟಾಂಜಾನಿಯಾದ ಸೆರೆಂಗೆಟಿಯಲ್ಲಿ ಜಾರ್ಜ್ ಶಾಲರ್ 1966ರಲ್ಲಿ ಶುರು ಮಾಡಿದ ಕೆಲಸವನ್ನು 1978ರಿಂದ ಕ್ರೇಗ್ ಪ್ಯಾಕರ್ ಮತ್ತು ಆನ್ ಪ್ಯುಸಿ ಮುಂದುವರಿಸಿದ್ರು. 1991ರಲ್ಲಿ ಅವರ ತಂಡ ಡಿಎನ್‌ಎ ಹಿಡಿದು ನೋಡಿದಾಗ ಗೊತ್ತಾಗಿದ್ದು ಇದು. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಗಂಡುಗಳು ಕೂಡಿದ ಬಣಗಳಲ್ಲಿ ಎಲ್ಲರೂ ರಕ್ತಸಂಬಂಧಿಗಳೇ. ಎರಡು, ಮೂರರ ಬಣಗಳಲ್ಲಿ ಹೊರಗಿನವನು ಬಂದು ಸೇರಿಕೊಂಡಿರೋದು ಅಪರೂಪವೇನಲ್ಲ. ಕಾರಣವೂ ಸೊಗಸಾಗಿದೆ. ದೊಡ್ಡ ಬಣದಲ್ಲಿ ಹುಟ್ಟೋ ಮರಿಗಳ ತಂದೆತನ ಕೆಲವರ ಪಾಲಿಗೇ ಹೋಗುತ್ತೆ. ಮಿಕ್ಕವರಿಗೆ ‘ನಂದಲ್ಲದಿದ್ರೂ ಅಣ್ಣನ ಮಕ್ಕಳು’ ಅನ್ನೋದಾದ್ರೂ ಉಳಿಯುತ್ತೆ. ಹೊರಗಿನವನಿಗೆ ಅದೂ ಇಲ್ಲ, ಅವನು ಯಾಕೆ ಅಲ್ಲಿ ದುಡೀತಾನೆ? ಇಬ್ಬರೇ ಇದ್ದರೆ ಇಬ್ಬರಿಗೂ ಒಂದಿಷ್ಟು ಪಾಲು ಸಿಗುತ್ತೆ, ಹಾಗಾಗಿ ದಾರಿಯಲ್ಲಿ ಸಿಕ್ಕವನ ಜೊತೆಗೂ ಸೇರಬಹುದು. ನಿಮ್ಮ ಹರಕುಕಿವಿ, ಕೆಂಚ ಅಣ್ಣತಮ್ಮಂದಿರೇ ಇರಬಹುದು, ಇಲ್ಲದೆಯೂ ಇರಬಹುದು. ಬೆನ್ನ ಮೇಲೆ ತಲೆ ಇಟ್ಟು ಮಲಗೋದು ಎರಡಕ್ಕೂ ಸಾಕ್ಷಿ ಅಲ್ಲ.

ಆದರೆ ನಿಮ್ಮ ಅನುಮಾನ ಸಂಬಂಧ ಇಲ್ಲದ್ದಕ್ಕೇ ಬರಲಿಲ್ಲ ಅಂತ ಹೋಗ್ತಿದ್ರೆ ಅಲ್ಲೂ ಬ್ರೇಕ್ ಹಾಕಬೇಕು. 1995ರಲ್ಲಿ ಜಾನ್ ಗ್ರಿನೆಲ್, ಪ್ಯಾಕರ್, ಪ್ಯುಸಿ ಒಂದು ಪ್ರಯೋಗ ಪ್ರಕಟಿಸಿದ್ರು. ಅಪರಿಚಿತ ಗಂಡಿನ ಗರ್ಜನೆಯನ್ನು ಸ್ಪೀಕರಲ್ಲಿ ಹಾಕಿ, ಆ ಜಾಗದ ಯಜಮಾನರು ಏನು ಮಾಡ್ತಾರೆ ಅಂತ ನೋಡೋದು. ಯಜಮಾನರು ಸದ್ದಿನ ಕಡೆಗೇ ಹೊರಟ್ರು. ಜೊತೆಗಾರ ಸೋದರನೋ ಪರಕೀಯನೋ ಅನ್ನೋದರಿಂದ ಏನೂ ವ್ಯತ್ಯಾಸ ಆಗಲಿಲ್ಲ. ಇವನು ಬರ್ತಿದ್ದಾನಾ, ಹಿಂದೆ ಉಳಿದನಾ ಅಂತ ಪರೀಕ್ಷೆ ಮಾಡಿಕೊಂಡು ಹೆಜ್ಜೆ ಇಡೋದೂ ಇಲ್ಲ. ಸ್ನೇಹ, ಋಣ ಅಂತೆಲ್ಲ ನಾವು ಹೆಸರಿಡ್ತೀವಿ. ಸಿಂಹಕ್ಕೆ ವಿಷಯ ಸರಳ: ಒಂಟಿಯಾಗಿ ಜಾಗ ಉಳಿಸಿಕೊಳ್ಳೋಕಾಗಲ್ಲ, ಹಾಗಾಗಿ ಅವನು ಸತ್ತರೆ ನಾನೂ ಮುಳುಗಿದೆ.

(ಹೆಣ್ಣುಗಳ ಕಥೆ ಬೇರೆ. ಅದೇ ವರ್ಷ ರಾಬರ್ಟ್ ಹೈನ್‌ಸನ್ ಮತ್ತು ಪ್ಯಾಕರ್ ಹೆಣ್ಣು ಸಿಂಹಗಳ ಮೇಲೆ ಇಂಥದ್ದೇ ಪ್ರಯೋಗ ಮಾಡಿದ್ರು. ಕೆಲವರು ಪ್ರತಿ ಸಲ ಮುಂದೆ ಹೋಗೋರು, ಕೆಲವರು ಪ್ರತಿ ಸಲ ಹಿಂದುಳಿಯೋ ಮೈಗಳ್ಳಿಯರು. ಮುಂದೆ ಹೋಗುವವಳು ತಿರುಗಿ ನೋಡ್ತಾಳೆ, ಆದರೂ ನಿಲ್ಲಲ್ಲ. ನನಗೆ ಇದು ಗಂಡುಗಳ ಕಥೆಗಿಂತ ಹೆಚ್ಚು ಇಷ್ಟ.)

ಅಂದ್ರೆ ಕೆಂಚ ಬರಬೇಕಿತ್ತು. ಬರಲಿಲ್ಲ ಅಂದ್ರೆ ಆ ಬೆಳಿಗ್ಗೆಗೆ ಮಾತ್ರ ಸೇರಿದ ಏನೋ ಕಾರಣ ಇದೆ. ನೀವು ತಲುಪೋ ಹೊತ್ತಿಗೆ ಅವನ ಸರದಿ ಆಗಲೇ ಮುಗಿದಿತ್ತೋ ಏನೋ. ಇಂಥ ಜಗಳಗಳು ಕತ್ತಲಲ್ಲೇ ಶುರುವಾಗಿರುತ್ತವೆ. ಫೋಟೋದಲ್ಲಿ ಅವನ ಕಾಲು ನೋಡಿ.

ಜಾಗದ ಪ್ರಶ್ನೆಗೆ ಬರ್ತೀನಿ, ನನಗೆ ಮುಖ್ಯ ಅನ್ನಿಸೋದು ಅದೇ. ಜಗಳ ಜಾಗಕ್ಕಲ್ಲ, ಕಾಲಕ್ಕೆ.

ಲೆಕ್ಕ ಹಾಕೋಣ. ಹೊಸ ಗಂಡುಗಳು ಬಂದು ಹಿಡಿತಕ್ಕೆ ತಗೊಂಡ ಮೇಲೆ ಹೆಣ್ಣುಗಳು ಕೂಡಲೇ ಗರ್ಭ ಧರಿಸಲ್ಲ. ಕೂಡುವುದು ನಡೀತಾನೇ ಇರುತ್ತೆ, ಆದರೆ ಮೊದಲ ಮೂರ್ನಾಲ್ಕು ತಿಂಗಳು ಗರ್ಭ ನಿಲ್ಲಲ್ಲ. ಇವರು ಉಳ್ಕೊಳ್ಳೋ ಗಿರಾಕಿಗಳಾ, ನಾಳೆ ಇನ್ಯಾರೋ ಬಂದು ಓಡಿಸ್ತಾರಾ ಅಂತ ಪರೀಕ್ಷೆ ನಡೆದ ಹಾಗೆ. ಆಮೇಲೆ ಗರ್ಭ ಸುಮಾರು 110 ದಿನ. ಹುಟ್ಟಿದ ಮರಿ ತನ್ನ ಕಾಲ ಮೇಲೆ ನಿಲ್ಲೋಕೆ ಹತ್ತಿರ ಹತ್ತಿರ ಎರಡು ವರ್ಷ. ಕೂಡಿಸಿದ್ರೆ 31 ತಿಂಗಳಾಯ್ತು. ಒಂದು ಬಣ ಒಂದು ಪ್ರೈಡ್‌ನ (ಹೆಣ್ಣುಗಳು, ಅವುಗಳ ಮರಿಗಳ ಗುಂಪು) ಹಿಡಿದಿಟ್ಟುಕೊಳ್ಳೋ ಅವಧಿ ಸರಾಸರಿ ಎರಡರಿಂದ ಮೂರು ವರ್ಷ. ಇಡೀ ಆಯುಸ್ಸಿಗೆ ಒಂದು ಸೂಲು ಬೆಳೆಸಿ ದಡ ಮುಟ್ಟಿಸಿದ್ರೆ ಅದೇ ದೊಡ್ಡದು.

ಈಗ ಹೊಸಬರ ಜಾಗದಲ್ಲಿ ನಿಂತು ನೋಡಿ. ಪಕ್ಕದಲ್ಲಿ ತನ್ನನ್ನೇ ನೆಚ್ಚಿದ ಮರಿ ಇರೋವರೆಗೆ ತಾಯಿ ಬೆದೆಗೆ ಬರಲ್ಲ. ಕಾದು ಕೂತರೆ ತಮ್ಮ ಅವಧಿ ಅರ್ಧಕ್ಕೂ ಹೆಚ್ಚು ಬೇರೆಯವರ ಮಕ್ಕಳನ್ನು ಕಾಯೋದರಲ್ಲೇ ಮುಗೀತು. ಮರಿ ಸತ್ತರೆ ಕೆಲವೇ ದಿನ, ವಾರಗಳಲ್ಲಿ ತಾಯಿ ಮತ್ತೆ ಬೆದೆಗೆ ಬರ್ತಾಳೆ. ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ, ಸುತ್ತಿ ಬಳಸಿ ಹೇಳಲ್ಲ: ಬೆಕ್ಕಿನ ಗಾತ್ರದ ಮರಿಗಳು ಉಳಿಯೋದು ತೀರಾ ಕಷ್ಟ. ಸೆರೆಂಗೆಟಿಯಲ್ಲಿ ಸತ್ತ ಮರಿಗಳಲ್ಲಿ ಹತ್ತಿರ ಹತ್ತಿರ ನಾಲ್ಕರಲ್ಲಿ ಒಂದು ಹೀಗೆ ಹೊಸ ಗಂಡುಗಳ ಬಾಯಲ್ಲಿ ಹೋದದ್ದು. ಒಂದು ವರ್ಷ ದಾಟಿದ ಮರಿಗಳಾದ್ರೆ ಕೆಲವೊಮ್ಮೆ ತಾಯಿ ಕರ್ಕೊಂಡು ಅಂಚಿಗೆ ಹೋಗಿ ಬದುಕಿಸ್ಕೋತಾಳೆ. ಎರಡು ಮೂರು ತಾಯಂದಿರು ಒಟ್ಟಿಗೆ ನಿಂತರೆ ತಡೆದದ್ದೂ ಉಂಟು.

ಹರಕುಕಿವಿ ಅಲ್ಲೇ ನಿಂತು ಒದೆ ತಿಂದದ್ದೂ ಇದಕ್ಕೇ. ಹುಲ್ಲುಗಾವಲು ಎಲ್ಲಾದರೂ ಸಿಗುತ್ತೆ. ಮೂರು ಮರಿ ಇದ್ದದ್ದು ಅಲ್ಲಿ.

---

ದಕ್ಷಿಣದ_ಧೂಳು

ನೋಟ್‌ಪುಸ್ತಕದವರು ಹೇಳಿದ್ದು ಸರಿ. ಆದರೆ ಸಂಖ್ಯೆ ಅನ್ನೋದು ಎಷ್ಟು ದೊಡ್ಡ ವಿಷಯ ಅಂತ ತಿಳೀಬೇಕಂದ್ರೆ ದಕ್ಷಿಣ ಆಫ್ರಿಕಾದ ಸಾಬಿ ಸ್ಯಾಂಡ್ಸ್‌ನ ಮಪೊಗೊ ಬಣ ನೋಡಬೇಕು. ಆರು ಗಂಡು! ಐವರು ಒಂದೇ ಪ್ರೈಡ್‌ನಲ್ಲಿ ಹುಟ್ಟಿದವರು. ಮಕುಲು ಅನ್ನೋ ಆರನೆಯವನು ಸ್ವಲ್ಪ ದೊಡ್ಡವನು, ಹೊರಗಿನಿಂದ ಬಂದು ಸೇರಿದವನು. ಎರಡು ಗಂಡು ಕಾಯ್ತಿರೋ ಪ್ರೈಡ್ ಮೇಲೆ ಆರು ಜನ ಹೋದ್ರೆ ಅದನ್ನ ಜಗಳ ಅನ್ನೋಕಾಗಲ್ಲ. 2006ರಿಂದ ಶುರುವಾಗಿ ಪಕ್ಕಪಕ್ಕದ ಪ್ರೈಡ್‌ಗಳನ್ನ ಒಂದಾದ ಮೇಲೊಂದು ಹಿಡ್ಕೊಂಡ್ರು.

ಕೆಡಿಸಿದ್ದು ಏನು ಗೊತ್ತಾ? ಹಿಡಿದದ್ದು ಹೆಚ್ಚಾಯ್ತು, ಹಿಡಿದವರು ಹರಿದು ಹಂಚಿಹೋದ್ರು. ಮಿಸ್ಟರ್ ಟಿ ಮತ್ತು ಕಿಂಕಿ ಟೇಲ್ (ಬಾಲದ ತುದಿ ಸೊಟ್ಟ ಇದ್ದವನು) ಬೇರೆಯಾಗಿ ತಮ್ಮದೇ ಪ್ರೈಡ್ ನೋಡ್ಕೊಂಡ್ರು, ಮಿಕ್ಕ ನಾಲ್ವರು ಪಶ್ಚಿಮಕ್ಕೆ. ಆರರ ಬಣ ಅಂತ ಹೆಸರು, ಯಾವುದೇ ದಿನ ಹೋಗಿ ನೋಡಿದ್ರೆ ಇರೋದು ಇಬ್ಬರು. 2010ರ ಜೂನ್‌ನಲ್ಲಿ ಐದು ಗಂಡುಗಳ ಹೊಸ ಬಣ ಒಳಗೆ ಬಂತು, ಆಮೇಲೆ ಮಜಿಂಗಿಲಾನೆ ಅಂತ ಹೆಸರಾಯ್ತು. ಆ ಇಬ್ಬರೂ ಸೇರಿ ಐವರಲ್ಲಿ ಒಬ್ಬನನ್ನ ಕೊಂದ್ರು. ಮಿಕ್ಕ ನಾಲ್ವರು ತಿರುಗಿ ಬಂದು ಕಿಂಕಿ ಟೇಲ್‌ನ ಮುಗಿಸಿದ್ರು. ಮೇಲಿನ ವರ್ಣನೆ ಓದಿ ನನಗೆ ಅದೇ ನೆನಪಾದದ್ದು, ಒಬ್ಬ ಮುಂದೆ, ಮಿಕ್ಕವರು ಹಿಂದೆ.

ಮಿಸ್ಟರ್ ಟಿ ತಪ್ಪಿಸಿಕೊಂಡು ಅಣ್ಣತಮ್ಮಂದಿರ ಹತ್ತಿರ ವಾಪಸ್ ಹೋದ. ಹೋದವನು ಸುಮ್ಮನಿದ್ನಾ? ಅವರ ಮರಿಗಳನ್ನೇ ಕೊಂದ. ಬಣ ಅಂದ್ರೆ ಕುಟುಂಬ ಅಂತ ಕಣ್ಣಲ್ಲಿ ನೀರು ತರಿಸೋ ವಿಡಿಯೋಗಳಲ್ಲಿ ಈ ಭಾಗ ಬರಲ್ಲ. ಎರಡು ವರ್ಷ ಬೇರೆ ಇದ್ದವನಿಗೆ ಅವು ಯಾರದೋ ಮರಿಗಳು, ಅಷ್ಟೇ. 2012ರ ಮಾರ್ಚ್‌ನಲ್ಲಿ ಸೆಲಾಟಿ ಬಣದವರು ಅವನನ್ನೂ ಕೊಂದ್ರು.

ಹಾಗೇ, ಇವರು ನೂರಾರು ಸಿಂಹ ಕೊಂದ್ರು ಅಂತ ಎಲ್ಲ ಕಡೆ ತಿರುಗ್ತಿರೋ ಸಂಖ್ಯೆ ನಂಬಬೇಡಿ. ಯಾರೂ ಕೂತು ಎಣಿಸಿದ್ದಲ್ಲ ಅದು.

---

ಜೀಪಿನ_ಹಿಂದಿನ_ಸೀಟು

ಇಬ್ಬರಿಗೂ ಥ್ಯಾಂಕ್ಸ್. “ಮೂರು ಮರಿ ಇದ್ದದ್ದು ಅಲ್ಲಿ” ಅನ್ನೋದು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಇನ್ನೊಂದು ಸಣ್ಣ ಅನುಮಾನ. ಕೇಸರ ಇರೋದು ಕತ್ತಿಗೆ ಕವಚ ಅಂತ ಚಿಕ್ಕಂದಿನಿಂದ ಓದಿದ್ದು. ನನ್ನ ಫೋಟೋಗಳಲ್ಲಿ ಒಂದೇ ಒಂದು ಏಟೂ ಕತ್ತಿಗೆ ಬಿದ್ದಿಲ್ಲ. ಎಲ್ಲ ಸೊಂಟದಿಂದ ಹಿಂದೆ. ಕವಚ ಇಲ್ಲದ ಕಡೆಗೇ ಹೋಗ್ತಾವೆ ಅಂತಾನಾ?

ಮತ್ತೆ, ಆ ಮೂರು ಹಿಂದಿನ ರಾತ್ರಿ ಅಷ್ಟು ಹತ್ತಿರ ಇದ್ದಿದ್ರೆ ನಮಗೆ ಸದ್ದೇ ಕೇಳಲಿಲ್ವಲ್ಲ. ರಾತ್ರಿಯಿಡೀ ಗರ್ಜಿಸಿದ್ದು ಒಂದೇ ದಿಕ್ಕಿನಿಂದ.

---

ಹಳೇ_ನೋಟ್‌ಪುಸ್ತಕ

ಎರಡನೆಯದಕ್ಕೆ ಮೊದಲು. ಪ್ರೈಡ್ ಇಲ್ಲದ ಅಲೆಮಾರಿ ಗಂಡುಗಳು ಹೆಚ್ಚುಕಡಿಮೆ ಗರ್ಜಿಸೋದೇ ಇಲ್ಲ. ಗರ್ಜನೆ ಎಂಟು ಕಿಲೋಮೀಟರ್ ದೂರಕ್ಕೂ ಕೇಳಬಹುದು. ನಾನಿಲ್ಲಿದ್ದೀನಿ ಅಂತ ಡಂಗುರ ಹೊಡೆಯೋ ಹಕ್ಕು ಯಜಮಾನನಿಗೆ ಮಾತ್ರ. ಅಲೆಮಾರಿ ಕೂಗಿದ್ರೆ ಯಜಮಾನರು ಎದ್ದು ಬರ್ತಾರೆ, ಆ ಪ್ರಯೋಗದಲ್ಲಿ ಸ್ಪೀಕರ್ ಕಡೆ ಬಂದ ಹಾಗೆ. ಎರಡು ಮೂರು ವರ್ಷಕ್ಕೆ ಹುಟ್ಟಿದ ಪ್ರೈಡ್‌ನಿಂದ ಹೊರಬಿದ್ದ ಹುಡುಗರು ಬೇರೆಯವರ ಗಡಿಗಳ ಸಂದಿಯಲ್ಲಿ ಬಾಯಿ ಮುಚ್ಚಿಕೊಂಡು ಓಡಾಡ್ತಾರೆ. ರಾತ್ರಿ ಕೂಗಿದ್ದು ಹರಕುಕಿವಿ. ಅವನು ಎಲ್ಲಿದ್ದಾನೆ ಅಂತ ಆ ಮೂರಕ್ಕೆ ತಿಳಿಸಿದ್ದೂ ಅದೇ ಕೂಗು. ಬರೀ ಒಂದೇ ಕಂಠ ಕೇಳಿದ್ರೆ ಒಬ್ಬನೇ ಇದ್ದಾನೆ ಅಂತ ಲೆಕ್ಕ ಹಾಕೋ ಬುದ್ಧಿಯೂ ಅವುಗಳಿಗಿದೆ. ಹೆಣ್ಣು ಸಿಂಹಗಳು ಕೇಳಿದ ಗಂಟಲುಗಳನ್ನ ಎಣಿಸಿ ತಮ್ಮ ಬಲದ ಜೊತೆ ತೂಗಿ ನೋಡ್ತವೆ ಅಂತ 1994ರಲ್ಲಿ ಕ್ಯಾರನ್ ಮೆಕೋಂಬ್ ಮತ್ತು ಸಂಗಡಿಗರು ತೋರಿಸಿದ್ರು.

ಆ ರಾತ್ರಿ ನಿಮಗೆ ಕೇಳಿದ್ದು ಒಂದು ಗಂಟಲೋ ಎರಡೋ? ಜ್ಞಾಪಿಸಿಕೊಳ್ಳಿ.

ಕೇಸರದ ವಿಷಯದಲ್ಲಿ ನಿಮ್ಮ ಕಣ್ಣು ಚೆನ್ನಾಗಿದೆ. ಪೇಟನ್ ವೆಸ್ಟ್ ಮತ್ತು ತಂಡ 2006ರಲ್ಲಿ ಗಾಯಗಳನ್ನೇ ಲೆಕ್ಕ ಹಾಕಿ ನೋಡಿದಾಗ ಕುತ್ತಿಗೆ ಭಾಗವೇ ವಿಶೇಷ ಗುರಿ ಅನ್ನೋದಕ್ಕೆ ಪುರಾವೆ ಸಿಗಲಿಲ್ಲ. ಕವಚದ ಕಥೆ ಅಲ್ಲಿಗೆ ಬಿತ್ತು. ಅದಕ್ಕೂ ಮೊದಲು, 2002ರಲ್ಲಿ, ವೆಸ್ಟ್ ಮತ್ತು ಪ್ಯಾಕರ್ ಸಿಂಹದ ಗಾತ್ರದ ಬೊಂಬೆಗಳನ್ನು ಮಾಡಿಸಿ ಸೆರೆಂಗೆಟಿಯಲ್ಲಿ ನಿಲ್ಲಿಸಿದ್ರು. ಒಂದಕ್ಕೆ ಉದ್ದ ಕೇಸರ, ಒಂದಕ್ಕೆ ಗಿಡ್ಡ, ಒಂದಕ್ಕೆ ಕಪ್ಪು, ಒಂದಕ್ಕೆ ತಿಳಿ. ರೋಮಿಯೋ, ಲೊಥಾರಿಯೋ, ಫ್ಯಾಬಿಯೋ, ಹೂಲಿಯೋ ಅಂತ ರಸಿಕರ ಹೆಸರು ಬೇರೆ. ಗಂಡು ಸಿಂಹಗಳು ಉದ್ದ ಮತ್ತು ಕಪ್ಪು ಕೇಸರದ ಬೊಂಬೆಯಿಂದ ದೂರ ಉಳಿದವು. ಹೆಣ್ಣುಗಳು ಕಪ್ಪು ಕೇಸರದವನ ಹತ್ತಿರ ಹೋದವು. ಕಪ್ಪು ಅಂದ್ರೆ ಹೊಟ್ಟೆ ತುಂಬಿದವನು, ಟೆಸ್ಟೋಸ್ಟೆರಾನ್ ಹೆಚ್ಚಿದ್ದವನು. ಅದಕ್ಕೆ ತೆರೋ ಬೆಲೆ ಬಿಸಿಲು, ಕಪ್ಪು ಕೇಸರದವನ ಮೈ ಹೆಚ್ಚು ಕಾಯುತ್ತೆ.

ಅಂದ್ರೆ ಕೇಸರ ಗುರಾಣಿಯಲ್ಲ, ಬೋರ್ಡು. ದೂರದಿಂದಲೇ ಓದಿಕೊಂಡು ವಾಪಸ್ ಹೋಗಿ ಅಂತ. ಒಬ್ಬನಿಗೆ ಒಬ್ಬ ಅಂತಾದ್ರೆ ಹರಕುಕಿವಿಯ ಬೋರ್ಡು ಕೆಲಸ ಮಾಡ್ತಿತ್ತು. ಮೂವರು ಬಂದಾಗ ಬೋರ್ಡು ಓದೋರ್ಯಾರು?

---

ಕರಡದ_ಹುಲ್ಲು

ಎಲ್ಲರೂ ಆಫ್ರಿಕಾದಲ್ಲೇ ಸುತ್ತುತ್ತಿದ್ದೀರಿ. ಗುಜರಾತಿನ ಗಿರ್ ಕಡೆಗೂ ಒಮ್ಮೆ ನೋಡಿ, ಲೆಕ್ಕವೇ ಬದಲಾಗುತ್ತದೆ.

ಗಿರ್‌ನಲ್ಲಿ ಗಂಡುಗಳು ಹೆಣ್ಣುಗಳ ಜೊತೆ ಸಂಸಾರ ಹೂಡುವುದಿಲ್ಲ. ಹೆಣ್ಣುಗಳದ್ದೇ ಒಂದು ಗುಂಪು, ಗಂಡುಗಳದ್ದೇ ಒಂದು ಜೋಡಿ. ಬೆದೆಯ ಹೊತ್ತಿಗೆ, ದೊಡ್ಡ ಬೇಟೆ ಬಿದ್ದಾಗ ಸೇರುವುದು, ಮತ್ತೆ ಬೇರೆ. ಹೆಣ್ಣುಗಳ ಒಂದು ಗುಂಪಿನ ನೆಲದ ಮೇಲೆ ಎರಡು ಮೂರು ಗಂಡು ಬಣಗಳ ಗಡಿ ಹಾದುಹೋಗಿರುತ್ತದೆ. ಭಾರತೀಯ ವನ್ಯಜೀವಿ ಸಂಸ್ಥೆಯ ಸ್ತೋತ್ರ ಚಕ್ರವರ್ತಿ ಮತ್ತು ಯಾದವೇಂದ್ರದೇವ್ ಝಾಲಾ ವರ್ಷಗಟ್ಟಲೆ ನೋಡಿ ಬರೆದದ್ದು ಇದು. ಅಲ್ಲಿನ ಹೆಣ್ಣು ಒಂದೇ ಬಣವನ್ನು ನೆಚ್ಚಿ ಕೂರುವುದಿಲ್ಲ, ಸುತ್ತಲಿನ ಎಲ್ಲ ಬಣಗಳ ಜೊತೆಗೂ ಕೂಡುತ್ತಾಳೆ. ಆಗ ಹುಟ್ಟಿದ ಮರಿ ಯಾರದ್ದು ಅಂತ ಯಾವ ಗಂಡಿಗೂ ಖಾತ್ರಿ ಇಲ್ಲ. ಖಾತ್ರಿ ಇಲ್ಲದ ಮೇಲೆ ಕೊಲ್ಲುವುದೂ ನಷ್ಟದ ಬಾಬತ್ತಾಗಬಹುದು. ಸೆರೆಂಗೆಟಿಯ ತಾಯಿ ಹಲ್ಲುಗುರಿನಿಂದ ಮಾಡುವ ಕೆಲಸವನ್ನು ಇವಳು ಗೊಂದಲ ಎಬ್ಬಿಸಿ ಮಾಡುತ್ತಾಳೆ.

ಅಣ್ಣತಮ್ಮಂದಿರ ಪ್ರೀತಿಯ ಬಗ್ಗೆಯೂ ಚಕ್ರವರ್ತಿ, ಝಾಲಾ ಅವರದ್ದೇ 2017ರ ಲೆಕ್ಕವಿದೆ. ಜೋಡಿಯಲ್ಲಿ ಒಬ್ಬ ಯಜಮಾನ, ಒಬ್ಬ ಜೊತೆಗಾರ. ಕೂಡುವ ಅವಕಾಶದಲ್ಲಿ ಶೇ 70ಕ್ಕೂ ಹೆಚ್ಚು ಯಜಮಾನನ ಪಾಲು, ಊಟದಲ್ಲೂ ಅವನಿಗೆ ಸುಮಾರು ಶೇ 47ರಷ್ಟು ಹೆಚ್ಚು. ಆದರೂ ಎರಡನೆಯವನು ಬಿಟ್ಟು ಹೋಗುವುದಿಲ್ಲ, ಒಂಟಿಯಾದರೆ ಅಷ್ಟೂ ಸಿಗುವುದಿಲ್ಲ. ನಿಮ್ಮ ಕೆಂಚ ಹುತ್ತದ ಮೇಲೆ ಕೂತು ಲೆಕ್ಕ ಹಾಕುತ್ತಿದ್ದನೇನೋ ಅಂತ ತಮಾಷೆಗೆ ಹೇಳುತ್ತಿದ್ದೇನೆ, ಸಿಟ್ಟಾಗಬೇಡಿ.

ಜಯ್ ಮತ್ತು ವೀರು ನೆನಪಿದೆಯಾ? ಹಿಂದಿ ಸಿನಿಮಾದ ಗೆಳೆಯರ ಹೆಸರಿಟ್ಟಿದ್ದ ಗಿರ್‌ನ ಜೋಡಿ. ಪ್ರವಾಸಿಗರಿಗೆ ಜೊತೆಯಾಗೇ ಕಾಣಿಸಿಕೊಳ್ಳುತ್ತಿದ್ದವು. 2025ರಲ್ಲಿ ಎರಡೂ ಬೇರೆ ಬೇರೆ ಇದ್ದ ಹೊತ್ತಿನಲ್ಲಿ ಎದುರಾಳಿಗಳ ಕೈಗೆ ಸಿಕ್ಕವು. ಚಿಕಿತ್ಸೆ ಕೊಟ್ಟರು. ವೀರು ಜೂನ್‌ನಲ್ಲಿ ಹೋಯಿತು, ಜಯ್ ಜುಲೈನಲ್ಲಿ. ಒಬ್ಬ ಒಂದು ಕಡೆ, ಇನ್ನೊಬ್ಬ ಇನ್ನೊಂದು ಕಡೆ ಇರುವ ಆ ಹೊತ್ತೇ ಅಪಾಯದ ಹೊತ್ತು. ಗಡಿ ಕಾಯಲು, ಹೆಣ್ಣಿನ ಹಿಂದೆ ಹೋಗಲು ಜೋಡಿ ದಿನವೂ ಬೇರೆಯಾಗಲೇಬೇಕು.

ಅಲ್ಲಿ ಒತ್ತಡವೂ ಏರುತ್ತಿದೆ. 2020ರಲ್ಲಿ 674 ಇದ್ದದ್ದು 2025ರ ಎಣಿಕೆಯಲ್ಲಿ 891.

---

ಮಳೆಗಾಲದ_ಕಪ್ಪೆ

“ಬೇರೆ ಜಾಗ ಇರಲಿಲ್ವಾ” ಅಂದಿರಲ್ಲ, ಅದಕ್ಕೆ ಒಂದು. ಉಗಾಂಡದ ಕ್ವೀನ್ ಎಲಿಜಬೆತ್ ಉದ್ಯಾನದಲ್ಲಿ ಜೇಕಬ್, ಟಿಬು ಅಂತ ಅಣ್ಣತಮ್ಮ. ಜೇಕಬ್‌ಗೆ ಮೂರೇ ಕಾಲು. 2024ರ ಫೆಬ್ರವರಿಯಲ್ಲಿ ಹೆಣ್ಣುಗಳಿಗಾಗಿ ನಡೆದ ಜಗಳದಲ್ಲಿ ಇಬ್ಬರೂ ಸೋತ್ರು. ಸೋತ ಕೆಲವೇ ಗಂಟೆಗಳಲ್ಲಿ, ರಾತ್ರಿ ಹೊತ್ತು, ಮೊಸಳೆ, ನೀರಾನೆ ತುಂಬಿದ ಕಜಿಂಗಾ ಕಾಲುವೆಯನ್ನ ಈಜಿ ದಾಟಿದ್ರು. ಒಂದು ಕಿಲೋಮೀಟರಿಗೂ ಹೆಚ್ಚು. ಕೆಲವು ಸಲ ಹಿಂದಕ್ಕೆ ಬಂದು ಮತ್ತೆ ಇಳಿದ್ರು. ಡ್ರೋನ್‌ನ ಥರ್ಮಲ್ ಕ್ಯಾಮೆರಾದಲ್ಲಿ ಎರಡು ಬಿಳಿ ಚುಕ್ಕೆ, ಒಂದರ ಹಿಂದೆ ಒಂದು. ಆ ವಿಡಿಯೋ ನೋಡಿ ನಾನು ಉಗುರು ಕಚ್ಚಿದ್ದೀನಿ.

ಜಾಗ ಇರುತ್ತೆ ಅಣ್ಣಾ. ಆ ಜಾಗದಲ್ಲೂ ಯಾರೋ ಇರ್ತಾರೆ.

---

ದಕ್ಷಿಣದ_ಧೂಳು

ಸೋತವರ ಕಥೆ ಅಲ್ಲಿಗೇ ಮುಗಿಯುತ್ತೆ ಅಂತಲೂ ಅಲ್ಲ. ಸೆರೆಂಗೆಟಿಯ ಸಿ-ಬಾಯ್ ಅನ್ನೋ ಕಪ್ಪು ಕೇಸರದವನ ಮೇಲೆ 2009ರಲ್ಲಿ ಮೂರು ಗಂಡು ಬಿದ್ವು, ನಿಮ್ಮ ಫೋಟೋ ಥರಾನೇ. ಬದುಕಿದ. ಜೊತೆಗಾರ ಹಿಲ್ಡೂರ್ ಜೊತೆ ಪೂರ್ವಕ್ಕೆ ಹೋಗಿ ಬೇರೆ ಪ್ರೈಡ್ ಹಿಡಿದ. 2018ರವರೆಗೂ ಇದ್ದ.

ಜಿಂಬಾಬ್ವೆಯ ಸೆಸಿಲ್ ಎಲ್ಲರಿಗೂ ಗೊತ್ತು, 2015ರಲ್ಲಿ ಬೇಟೆಗಾರ ಹೊಡೆದದ್ದು. ಆಗ ಎಲ್ಲರೂ ಅವನ ಮರಿಗಳ ಕಥೆ ಮುಗೀತು ಅಂದ್ರು. ಜೊತೆಗಾರ ಜೆರಿಕೋ, ರಕ್ತಸಂಬಂಧ ಇಲ್ಲದವನು, ಮರಿಗಳನ್ನ ಮುಟ್ಟಲಿಲ್ಲ, ಬೇರೆಯವರಿಗೂ ಬಿಡಲಿಲ್ಲ. ಮಿಸ್ಟರ್ ಟಿ ಸ್ವಂತ ತಮ್ಮಂದಿರ ಮರಿ ಕೊಂದ, ಜೆರಿಕೋ ಪರಕೀಯನ ಮರಿ ಕಾಯ್ದ. ರಕ್ತಕ್ಕಿಂತ ಜೊತೆಗಿದ್ದ ದಿನಗಳು ಹೆಚ್ಚು ಲೆಕ್ಕಕ್ಕೆ ಬರ್ತವೆ ಅಂತ ನನ್ನ ಅನಿಸಿಕೆ. ನೋಟ್‌ಪುಸ್ತಕದವರು ತಿದ್ದಲಿ.

---

ಹಳೇ_ನೋಟ್‌ಪುಸ್ತಕ

ತಿದ್ದಲ್ಲ. ಒಂದು ಸೇರಿಸ್ತೀನಿ ಅಷ್ಟೇ: ಜೆರಿಕೋ ಕೂಡ ಆ ಹೆಣ್ಣುಗಳ ಜೊತೆ ಇದ್ದವನೇ. ಆ ಮರಿಗಳಲ್ಲಿ ತನ್ನವೂ ಇರಬಹುದು ಅನ್ನೋ ಸ್ಥಿತಿಯಲ್ಲಿದ್ದ. ಹೊಡೆದದ್ದು ಒಂದು ಗಂಡನ್ನಾದ್ರೂ ಎಷ್ಟೋ ಕಡೆ ಸಾಯೋದು ಇಡೀ ಸೂಲು, ಬೇಟೆಯ ಚರ್ಚೆಯಲ್ಲಿ ಜನ ಮರೆಯೋದು ಇದನ್ನೇ.

---

ಜೀಪಿನ_ಹಿಂದಿನ_ಸೀಟು

ನಿನ್ನೆ ರಾತ್ರಿ ಎಲ್ಲ 212 ಫೋಟೋಗಳನ್ನ ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿ ನೋಡಿದೆ.

ಮೊದಲು ಗಂಟಲಿನ ವಿಷಯ. ಹೆಂಡತಿಯನ್ನ ಕೇಳಿದೆ, ಅವಳಿಗೆ ನನಗಿಂತ ಚೆನ್ನಾಗಿ ನೆನಪಿದೆ. ಒಂದೇ. ಎರಡನೇ ದಿನ ರಾತ್ರಿ ಕೂಗಿದ್ದು ಒಂದೇ ಸಿಂಹ. ಮೊದಲನೇ ದಿನ ರಾತ್ರಿ ಎರಡು ಒಂದಾದ ಮೇಲೊಂದು ಕೂಗ್ತಿದ್ದವಂತೆ, ಅವಳು ಫೋನಲ್ಲಿ ರೆಕಾರ್ಡ್ ಬೇರೆ ಮಾಡಿದ್ದಾಳೆ.

ಆಮೇಲೆ ಕೆಂಚನ ಕಾಲು. ಹುತ್ತದ ಮೇಲಿರೋ ಫೋಟೋಗಳಲ್ಲಿ ಹುಲ್ಲು ಅಡ್ಡ ಇದೆ, ಹೊಟ್ಟೆ ಕೆಳಗೆ ಏನೂ ಕಾಣಲ್ಲ. 6:58 ಆದ ಮೇಲೆ ನಾವು ಗಾಡಿ ತಿರುಗಿಸುವಾಗ ತೆಗೆದ ಒಂದರಲ್ಲಿ ಅವನು ಎದ್ದು ನಿಂತಿದ್ದಾನೆ. ಎಡ ಮುಂಗಾಲು ನೆಲಕ್ಕೆ ಊರಿಲ್ಲ, ಮಡಿಚಿ ಎತ್ತಿಕೊಂಡಿದ್ದಾನೆ. ಹೆಜ್ಜೆ ಇಡ್ತಿರೋ ಕ್ಷಣವೂ ಇರಬಹುದು. ಮುಂದಿನ ಫೋಟೋ ಅಲ್ಲಾಡಿಹೋಗಿದೆ.

ಇನ್ನೊಂದು ವಿಷಯ ಇದೆ. ಆರು ನಿಮಿಷದಲ್ಲಿ ನಾನು ಕೆಂಚನ ಕಡೆ ಕ್ಯಾಮೆರಾ ತಿರುಗಿಸಿದ್ದು ಒಂಬತ್ತು ಸಲ. ಒಂಬತ್ತರಲ್ಲೂ ಅವನ ಮುಖ ಜಗಳದ ಕಡೆ ಇಲ್ಲ. ಎದುರು ದಿಕ್ಕಿಗೆ ಇದೆ, ಕಿವಿ ಎರಡೂ ಆ ಕಡೆಗೇ. ಅದೇ ದಿಕ್ಕಿನ ಅಂಚಲ್ಲಿ, ಒಂದು ಫೋಟೋದ ತೀರಾ ಮೂಲೆಯಲ್ಲಿ, ಹುಲ್ಲಿನ ನಡುವೆ ಮಸುಕಾಗಿ ಏನೋ ಕಪ್ಪಗೆ ನಿಂತಿದೆ. ತಲೆ, ಕತ್ತಿನ ಸುತ್ತ ಕೂದಲು. ನಾಲ್ಕನೆಯವನು ಇದ್ದ ಅಂತ ನನಗೆ ಅನ್ನಿಸ್ತಿದೆ. ಹರಕುಕಿವಿ ಮೇಲೆ ಮೂವರು, ಇವನನ್ನ ತಡೆಯೋಕೆ ಒಬ್ಬ. ಸರಿ ಇರಬಹುದಾ? ಫೋಟೋ ಹಾಕಿದ್ದೀನಿ ನೋಡಿ.

---

ಹಳೇ_ನೋಟ್‌ಪುಸ್ತಕ

ಒಂದೇ ಗಂಟಲು! ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಇಷ್ಟು ಹೊತ್ತು ನಾವೆಲ್ಲ ಬರೆದದ್ದಕ್ಕಿಂತ ಅದು ಹೆಚ್ಚು ಹೇಳುತ್ತೆ. ಕೆಂಚ ಆ ರಾತ್ರಿ ಕೂಗಲಿಲ್ಲ ಅಂದ್ರೆ ಬೆಳಿಗ್ಗೆಗೂ ಮುಂಚೆಯೇ ಅವನಿಗೆ ಏನೋ ಆಗಿತ್ತು. ಆ ರೆಕಾರ್ಡಿಂಗ್ ಇದ್ರೆ ಹಾಕಿ. ಎತ್ತಿದ ಮುಂಗಾಲಿನ ಫೋಟೋ ಕೂಡ.

ನಾಲ್ಕನೆಯವನ ವಿಷಯ… ಕಡಿಮೆ ಬೆಳಕು. ಹೇಳೋಕಾಗ್ತಿಲ್ಲ.

---

ಮಳೆಗಾಲದ_ಕಪ್ಪೆ

ಬ್ರೈಟ್‌ನೆಸ್ ಏರಿಸಿ ನೋಡಿದೆ. ಅಣ್ಣಾ, ಅದಕ್ಕೆ ಕೊಂಬಿದೆ.

---

ಕರಡದ_ಹುಲ್ಲು

ವೈಲ್ಡ್‌ಬೀಸ್ಟ್. ಕತ್ತಿನ ಕೂದಲು ಹಾಗೇ ಕಾಣುತ್ತದೆ.

---

ಜೀಪಿನ_ಹಿಂದಿನ_ಸೀಟು

ಅಯ್ಯೋ ಹೌದಲ್ವಾ. ಈಗ ಕೊಂಬು ಬಿಟ್ಟು ಬೇರೇನೂ ಕಾಣ್ತಿಲ್ಲ.

ರೆಕಾರ್ಡಿಂಗ್ ನಾಳೆ ಹಾಕ್ತೀನಿ, ಅವಳ ಹಳೇ ಫೋನಲ್ಲಿದೆ, ಚಾರ್ಜರ್ ಹುಡುಕ್ತಿದ್ದೀವಿ.